ಮುಂದಿನ ಸಾಲುಗಳು ಖಾಲಿ ಇವೆ

ಕೆಟ್ಟದ್ದು ಶುರುವಾದದ್ದು ಬೆಳಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಆಹ್ವಾನ ಪತ್ರಿಕೆಯಲ್ಲಿ ‘ಹತ್ತು ಗಂಟೆಗೆ ಸರಿಯಾಗಿ’ ಎಂದು ಅಚ್ಚಾಗಿತ್ತು. ನಮ್ಮ ವಿಶ್ವವಿದ್ಯಾಲಯದಲ್ಲಿ ಹತ್ತು ಗಂಟೆಗೆ ಸರಿಯಾಗಿ ಶುರುವಾಗುವ ಕಾರ್ಯಕ್ರಮಗಳೆಲ್ಲ ಹನ್ನೊಂದು ನಲವತ್ತಕ್ಕೇ ಶುರುವಾಗುವುದು. ಮುಖ್ಯ ಅತಿಥಿಗಳು ಆಗತಾನೆ ಬಂದು ವೇದಿಕೆಯ ಮೇಲೆ ಕೂತು, ಹಾರವನ್ನು ತೆಗೆದು ಮೇಜಿನ ಮೇಲಿಟ್ಟಿದ್ದರು. ನಿರೂಪಣೆ ನನ್ನದು. ಇಪ್ಪತ್ತು ವರ್ಷದಿಂದ ನನ್ನದೇ. ಇತಿಹಾಸ ಪಾಠ ಮಾಡುವವನಿಗೆ ಬೇರೆ ಕೆಲಸವಿರುವುದಿಲ್ಲ ಎಂಬುದು ಉಳಿದ ವಿಭಾಗಗಳ ಒಮ್ಮತದ ನಂಬಿಕೆ.

ಸೆಮಿನಾರಿಗೆ ಬರುವ ಜನ ಎಲ್ಲಿ ಕೂರುತ್ತಾರೆಂದು ನಿಮಗೆ ಗೊತ್ತಿರಬಹುದು. ಬಾಗಿಲಿನ ಪಕ್ಕ ಕೂರುತ್ತಾರೆ. ಅದು ತುಂಬಿದರೆ ಅದರ ಮುಂದಿನ ಸಾಲು. ಹೀಗೆ ಸಭಾಂಗಣ ಹಿಂದಿನಿಂದ ತುಂಬುತ್ತಾ ಬಂದು, ಮುಂದಿನ ಐದಾರು ಸಾಲು ಯಾರಿಗೋ ಹರಕೆ ಹೊತ್ತಂತೆ ಖಾಲಿ ಉಳಿಯುತ್ತವೆ. ಈ ಖಾಲಿ ಕುರ್ಚಿಗಳನ್ನು ಕಂಡರೆ ನನಗೆ ಆಗುತ್ತಿದ್ದ ಸಂಕಟ ಅಷ್ಟಿಷ್ಟಲ್ಲ. ಅವತ್ತೂ ಮೈಕಿನಲ್ಲಿ, “ದಯವಿಟ್ಟು ಎಲ್ಲರೂ ಮುಂದೆ ಬನ್ನಿ. ಮುಂದಿನ ಸಾಲುಗಳು ಖಾಲಿ ಇವೆ” ಎಂದೆ. ಯಾರೂ ಅಲ್ಲಾಡಲಿಲ್ಲ. ಅರ್ಥಶಾಸ್ತ್ರದ ವೆಂಕಟರವಣಪ್ಪ ಕೊನೆಯ ಸಾಲಿನಲ್ಲಿದ್ದ. ಶ್ರೀನಿವಾಸಪುರದವನು, ನನ್ನ ಬಹುಕಾಲದ ಗೆಳೆಯ. ಹೆಸರು ಹಿಡಿದೇ ಕರೆದೆ. ಅಲ್ಲಿಂದಲೇ ಕೂಗಿದ: “ಫೋನ್ ಚಾರ್ಜಿಗೆ ಹಾಕಿದೀನಿ ಸ್ವಾಮಿ, ನೀನು ನಡ್ಸು!” ಜನ ನಕ್ಕರು. ನನಗೆ ರೇಗಿತು. “ನೀವಾದರೂ ಬನ್ನಿ” ಎಂದು ಮೊದಲ ವರ್ಷದ ಇಬ್ಬರು ಹುಡುಗಿಯರತ್ತ ಕೈ ತೋರಿಸಿದೆ. ಒಬ್ಬಳು ಸುಗಟೂರಿನ ರೂಪಾ, ಇನ್ನೊಬ್ಬಳು ಅವಳ ಗೆಳತಿ. ಮೇಷ್ಟ್ರು ಹೇಳಿದರಲ್ಲ ಎಂದು ಪಾಪ ಎದ್ದು, ಬ್ಯಾಗು ಎದೆಗವಚಿಕೊಂಡು ಬರತೊಡಗಿದರು. ಅವರು ಇನ್ನೇನು ಮುಂದಿನ ಸಾಲುಗಳನ್ನು ಮುಟ್ಟಬೇಕು ಅನ್ನುವಾಗ ಮೇಲೆ ಏನೋ ಪಟಪಟ ಅಂದಿತು. ಬಣ್ಣದ ದೀಪಗಳ ಸಮೇತ ಫಾಲ್ಸ್ ಸೀಲಿಂಗಿನ ಒಂದು ದೊಡ್ಡ ಭಾಗ ಆ ಖಾಲಿ ಕುರ್ಚಿಗಳ ಮೇಲೆ ಬಂದು ಕೂತಿತು.

ಸದ್ದು ನಿಂತ ಮೇಲೆ ಬಿಳಿ ಧೂಳು. ಧೂಳಿನೊಳಗಿನಿಂದ ರೂಪಾಳ ಧ್ವನಿ: “ಸಾರ್, ಈಗ್ಲೂ ಮುಂದೆ ಬರ್ಬೇಕಾ?”

ಯಾರಿಗೂ ಒಂದು ಗೀರೂ ಆಗಲಿಲ್ಲ. ಎಲ್ಲರೂ ದೇವರು ದೊಡ್ಡವನು ಎಂದರು. ನಾನೂ ಅಂದೆ. ಆದರೆ ಆ ಹುಡುಗಿಯ ಪ್ರಶ್ನೆ ಮಾತ್ರ ನನ್ನ ಕಿವಿಯಿಂದ ಇಳಿಯಲಿಲ್ಲ. ವೆಂಕಟರವಣಪ್ಪನಂತೆ ಅವಳಿಗೂ ಒಂದಿಷ್ಟು ಉದ್ಧಟತನ ಇದ್ದಿದ್ದರೆ ನನಗೆ ಚಿಂತೆಯಿರಲಿಲ್ಲ. ನನ್ನ ಮಾತು ಕೇಳುವವರು ಇಡೀ ಕ್ಯಾಂಪಸ್ಸಿನಲ್ಲಿ ಇಬ್ಬರೇ. ಆ ಇಬ್ಬರನ್ನೇ ನಾನು ಕರೆದಿದ್ದೆ.

ಅಲ್ಲಿಯ ತನಕ ಯಾವ ಮನೆಗೆ ಹೋದರೂ ತಲೆಯೆತ್ತಿ ನೋಡಿದವನಲ್ಲ ನಾನು. ಆಮೇಲೆ ಬೇರೇನನ್ನೂ ನೋಡದವನಾದೆ. ಮುಳಬಾಗಿಲಿನಲ್ಲಿ ದೋಸೆ ತಿನ್ನಲು ಕೂತರೆ ದೋಸೆ ಆರುವ ತನಕ ಫ್ಯಾನಿನ ಕೊಕ್ಕೆಯನ್ನು ಪರೀಕ್ಷಿಸಿದೆ. ಮಾಲೂರಿನಲ್ಲಿ ಹೆಂಡತಿಯ ತಂಗಿಯ ಮಗಳ ಮದುವೆ. ಕಲ್ಯಾಣ ಮಂಟಪದ ಸೀಲಿಂಗಿನಲ್ಲಿ ಹೂವು, ಬಳ್ಳಿ, ನವಿಲು ಎಲ್ಲ ಇದ್ದವು. ಅಷ್ಟು ಅಲಂಕಾರ ಯಾಕೆ ಬೇಕಿತ್ತು, ಅದರ ಹಿಂದೆ ಏನನ್ನು ಮುಚ್ಚಿಟ್ಟಿದ್ದಾರೆ ಎಂದು ಯೋಚಿಸುತ್ತಾ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಅಕ್ಷತೆ ಹಾಕಿದೆ. ಬೀಗರಲ್ಲಿ ಒಬ್ಬರು ನನ್ನನ್ನು ಚಪ್ಪಲಿ ಕಾಯುವವನೆಂದು ತಿಳಿದು ತಮ್ಮ ಬೂಟು ತೋರಿಸಿ, “ಹುಷಾರು ಕಣಪ್ಪಾ, ಹೊಸದು” ಎಂದರು. ಅವರ ಬೂಟಿಗೆ ನಾನು ಕೊನೆಯ ತನಕ ನ್ಯಾಯ ಸಲ್ಲಿಸಿದೆ.

ಮನೆಯಲ್ಲಿ ಮಂಚವನ್ನು ಗೋಡೆಯ ಪಕ್ಕಕ್ಕೆ, ಅಲ್ಲಿಂದ ಬಾಗಿಲಿನ ಪಕ್ಕಕ್ಕೆ, ಕೊನೆಗೆ ಅರ್ಧ ಕೋಣೆ ಅರ್ಧ ನಡುಮನೆಗೆ ಸರಿಸಿದೆ. ಹೆಂಡತಿ ಗಿರಿಜಾ ಮೊದಲು ಸಮಾಧಾನ ಹೇಳಿದಳು. “ಇದು ಮೋಲ್ಡಿಂಗ್ ಮನೆ ಕಣ್ರೀ, ಬೀಳಲ್ಲ.”

“ಮೋಲ್ಡಿಂಗ್ ಬೀಳಲ್ಲ. ಅದರ ಕೆಳಗೆ ಗಾರೆ ಮೆತ್ತಿದಾರಲ್ಲ, ಅದು?”

“ಗಾರೆ ಬಿದ್ರೆ ತಲೆ ಕೊಡವಿಕೊಂಡು ಎದ್ದೇಳಿ. ನೀರು ತುಂಬ್ಸೋಕೆ ಬಿಂದಿಗೆ ಹಿಡ್ಕೊಂಡು ದಿನಾ ನಿಮ್ಮ ಮಂಚ ದಾಟೋಕೆ ನನ್ನ ಕೈಲಾಗಲ್ಲ!”

ಇಷ್ಟರಲ್ಲಿ ನಮ್ಮ ಕ್ಯಾಂಪಸ್ಸಿನ ನಿರ್ದೇಶಕರಿಂದ ಕರೆ ಬಂತು. ನಾಗಭೂಷಣ ಅವರು ಕೆಟ್ಟವರಲ್ಲ. ಉತ್ಸಾಹಿಗಳು, ಆಡಳಿತದಲ್ಲಿ ಅದು ಕೆಟ್ಟತನಕ್ಕಿಂತ ಅಪಾಯಕಾರಿ. “ನೋಡ್ರೀ ಮೇಷ್ಟ್ರೇ, ಹೊಸ ಕೇಂದ್ರ ಮಾಡ್ತಿದೀವಿ. ಉದ್ಘಾಟನೆಗೆ ಒಂದು ಸ್ಮರಣ ಸಂಚಿಕೆ. ಅದಕ್ಕೆ ‘ನಮ್ಮ ಸಮಾವೇಶ ಕೇಂದ್ರಗಳು: ಇತಿಹಾಸ ಮತ್ತು ಭವಿಷ್ಯ’ ಅಂತ ನೀವು ಬರೀಬೇಕು” ಎಂದರು. ಹೊಸದೆಂದರೆ ಎಲ್ಲಿ ಎಂದು ಕೇಳಿದೆ. “ಅಲ್ಲೇ. ಬಿದ್ದಿರೋದು ಒಂದು ತುಂಡು ತಾನೇ? ಅದರ ಕೆಳಗೆ ಭದ್ರವಾಗಿ ಇನ್ನೊಂದು ಸೀಲಿಂಗ್ ಕಟ್ಟಿಸ್ತೀವಿ. ಮೇಲಿಂದು ಬಿದ್ರೂ ಇದು ತಡ್ಕೊಳ್ಳುತ್ತೆ.” ಉದ್ಘಾಟನೆಯ ನಿರೂಪಣೆಯೂ ನನ್ನದೇ ಎಂದು ಅವರು ಹೇಳಬೇಕಿರಲಿಲ್ಲ. ಹೊಸ ಸೀಲಿಂಗಿನ ಕೆಳಗೆ ಮೈಕು ಹಿಡಿದು, ಅವೇ ಮಕ್ಕಳನ್ನು ಮತ್ತೆ ಮುಂದೆ ಬನ್ನಿ ಎಂದು ಕರೆಯಬೇಕಾದವನು ನಾನು.

ಇತಿಹಾಸ ನನಗೆ ಅರ್ಧ ಗೊತ್ತೇ ಇತ್ತು. ನಮ್ಮ ಕ್ಯಾಂಪಸ್ಸು ಶ್ರೀನಿವಾಸಪುರದ ರಸ್ತೆಯಲ್ಲಿದೆ. ಸಭಾಂಗಣ ಮೂಲತಃ ಮಾವಿನ ಮಂಡಿಯ ಗೋದಾಮು. ಎತ್ತರದ ಹೆಂಚಿನ ಮಾಡು, ಗಾಳಿಯಾಡಲು ಮೇಲೆ ಸಾಲುಕಿಂಡಿಗಳು. ಸುಗ್ಗಿಯ ದಿನಗಳಲ್ಲಿ ನೆಲದಿಂದ ಈಗಲೂ ಸೊನೆಯ ವಾಸನೆ ಏಳುತ್ತದೆಂದು ನನ್ನ ಗುಮಾನಿ. ಅದಕ್ಕೆ ಮೊದಲು ಇಟ್ಟ ಹೆಸರು ‘ಸಭಾಭವನ’. ಪಾರಿವಾಳಗಳು ಅತಿಥಿಗಳ ಶಾಲಿನ ಮೇಲೆ ಅಭಿಪ್ರಾಯ ವ್ಯಕ್ತಪಡಿಸಿದವೆಂದು ಆಗಿನ ನಿರ್ದೇಶಕರು ಹೆಂಚಿನ ಕೆಳಗೆ ಪ್ಲೈವುಡ್ ಹೊಡೆಸಿದರು. ಮುಂದಿನವರು ಎ.ಸಿ. ತರಿಸಿ, ತಂಪು ಮೇಲಕ್ಕೆ ಹೋಗದಂತೆ ಅದರ ಕೆಳಗೆ ಥರ್ಮೋಕೋಲ್ ಹಾಕಿಸಿ, ‘ರಾಷ್ಟ್ರೀಯ ವಿಚಾರ ಸಂಕಿರಣ ಕೇಂದ್ರ’ ಎಂದು ಕರೆದರು. ಮೂರನೆಯವರು ಬಣ್ಣದ ದೀಪ, ಪ್ಲಾಸ್ಟರಿನ ಕಮಲ ಎಲ್ಲ ಸೇರಿಸಿ ‘ಅಂತರರಾಷ್ಟ್ರೀಯ ಸಮಾವೇಶ ಕೇಂದ್ರ’ ಮಾಡಿದರು. ಹೆಸರು ಮೇಲಕ್ಕೆ ಹೋದಂತೆಲ್ಲ ಸೂರು ಕೆಳಕ್ಕೆ ಬಂತು. ನಾಗಭೂಷಣರ ಮನಸ್ಸಿನಲ್ಲಿದ್ದ ಹೆಸರು ‘ಜಾಗತಿಕ ಜ್ಞಾನ ಸಂಗಮ’. ಅದಾದ ಮೇಲೆ ಎತ್ತರದ ಅತಿಥಿಗಳನ್ನು ಕರೆಯುವಂತಿರಲಿಲ್ಲ.

ಗೊತ್ತಿಲ್ಲದ ಅರ್ಧ ತಿಳಿಯಲು ಒಂದು ಮಧ್ಯಾಹ್ನ ಏಣಿ ತಂದು ಆ ತೂತಿನೊಳಗೆ ಟಾರ್ಚು ಬಿಟ್ಟೆ. ವೆಂಕಟರವಣಪ್ಪ ಏಣಿ ಹಿಡಿದಿದ್ದ. ಅವನು ಸರಿಯಾಗಿ ಹಿಡಿದಿದ್ದಾನೆಯೇ ಎಂದು ಆಗಾಗ ಕೆಳಗೂ ಟಾರ್ಚು ಬಿಡುತ್ತಿದ್ದೆ.

“ಏಮಯ್ಯಾ, ಏನ್ ಕಾಣಿಸ್ತೈತೆ?” ಎಂದ.

“ಇತಿಹಾಸ.”

“ಗಟ್ಟಿಗಿದ್ಯಾ?”

ಗಟ್ಟಿಗಿರಲಿಲ್ಲ. ಪ್ಲಾಸ್ಟರು ಥರ್ಮೋಕೋಲಿನ ಚೌಕಟ್ಟಿಗೆ ತಂತಿಯಲ್ಲಿ ನೇತುಬಿದ್ದಿತ್ತು. ಚೌಕಟ್ಟು ಪ್ಲೈವುಡ್ಡಿಗೆ. ಪ್ಲೈವುಡ್ಡು ಹೆಂಚು ಹೊತ್ತಿದ್ದ ಮಂಡಿಯ ಕಾಲದ ರೀಪಿಗೆ, ತುಕ್ಕು ಹಿಡಿದ ಮೊಳೆಗಳಲ್ಲಿ. ಯಾರೂ ಹಿಂದಿನವರದನ್ನು ಕಿತ್ತಿರಲಿಲ್ಲ. ಕಿತ್ತರೆ ಹಿಂದಿನವರಿಗೆ ಅವಮಾನ. ಮೂರು ನಿರ್ದೇಶಕರ ಕನಸುಗಳನ್ನು ಯಾವನೋ ಬಡಗಿ ಮಾವಿನಕಾಯಿಗೆಂದು ಹೊಡೆದ ಮೊಳೆಗಳು ಹೊತ್ತಿದ್ದವು. ನಾಲ್ಕನೆಯದನ್ನೂ ಅವಕ್ಕೇ ತೂಗುಹಾಕುವವರಿದ್ದರು. ಇದನ್ನೆಲ್ಲ ಹೇಳಿದೆ. ಏಣಿ ಅಲ್ಲಾಡಿತು. “ಅಯ್ಯೋ ನಾಯನಾ, ಬೇಗ ಇಳಿ! ಕೆಳಗಿರೋನು ನಾನು” ಎಂದ ಗೆಳೆಯ.

ಕಂಡದ್ದನ್ನು ನಿರ್ದೇಶಕರಿಗೆ ಹೇಳಿದೆ. “ನಿಮಗೆ ಶಾಕ್ ಆಗಿದೆ ಮೇಷ್ಟ್ರೇ, ರಜೆ ತಗೊಳ್ಳಿ” ಎಂದರು. ಕೊನೆಗೆ ಎಲ್ಲ ವಿಭಾಗದವರನ್ನೂ ಕರೆದು ತೀರ್ಮಾನಿಸೋಣ ಎಂದಾಯಿತು. ಸಭೆ ಅವರ ಕೋಣೆಯಲ್ಲಿ. ‘ಅಲ್ಲಿ ಬೇಡ, ಸಭಾಂಗಣದಲ್ಲೇ ಸೇರೋಣ’ ಎಂದೆ. ಇದನ್ನು ನನ್ನ ಜಾಣತನವೆಂದು ವೆಂಕಟರವಣಪ್ಪ ಊರೆಲ್ಲ ಸಾರಿದ್ದಾನೆ. ನಿಜ ಹೇಳುತ್ತೇನೆ: ನಿರ್ದೇಶಕರ ಕೋಣೆಗೂ ಅಂಥದೇ ಸೀಲಿಂಗ್ ಇತ್ತು, ಅದಿನ್ನೂ ಬಿದ್ದಿರಲಿಲ್ಲ. ಸಭಾಂಗಣದ್ದಾದರೆ ಎಲ್ಲಿ ಬಿದ್ದಿದೆ ಎಂದು ನನಗೆ ಗೊತ್ತಿತ್ತು. ಬಿದ್ದಾಗಿರುವ ಜಾಗದ ಕೆಳಗೆ ನಿಂತರಾಯಿತು ಎಂಬ ಲೆಕ್ಕಾಚಾರ ಅಷ್ಟೇ.

ಸಭೆಗೆ ಎಲ್ಲರೂ ಬಂದರು, ಎಲ್ಲರೂ ಬಾಗಿಲಿನ ಪಕ್ಕ ಕೂತರು. ನಿರ್ದೇಶಕರೂ ಅಲ್ಲೇ ಕೂತು, ಒಂದು ಕಾಲನ್ನು ಹೊಸ್ತಿಲ ಆಚೆ ಇಟ್ಟುಕೊಂಡರು. ನಾನೊಬ್ಬ ತೂತಿನ ಕೆಳಗೆ ದೂರದಲ್ಲಿ ನಿಂತಿದ್ದರಿಂದ ನನ್ನ ಮಾತು ಯಾರಿಗೂ ಕೇಳಿಸಲಿಲ್ಲ. “ಮೇಷ್ಟ್ರೇ, ಇಲ್ಲಿ ಬನ್ರೀ” ಎಂದರು ನಿರ್ದೇಶಕರು. ನನಗೂ ಅವರಿಗೂ ನಡುವೆ ಬೀಳದೆ ಉಳಿದ ಸೀಲಿಂಗಿತ್ತು. “ನೀವೇ ಬನ್ನಿ ಸಾರ್” ಎಂದೆ. ಸುಮ್ಮನೆ ಅಂದದ್ದು. ವೆಂಕಟರವಣಪ್ಪ ತಕ್ಷಣ ಎದ್ದು ದಾರಿ ಬಿಟ್ಟ: “ಹೋಗಿ ಸಾರ್, ನೀವು ಹೋದ್ರೆ ನಿಮ್ ಹಿಂದೆ ನಾವೂ ಬರ್ತೀವಿ.” ನಿರ್ದೇಶಕರು ಎದ್ದರು. ನಾಲ್ಕು ಸಾಲು ದಾಟಿದರು. ಹಿಂದೆ ತಿರುಗಿದರೆ ಯಾರೂ ಇಲ್ಲ. ಮೇಲೆ ಎಲ್ಲೋ ಒಂದು ಪಾರಿವಾಳ ರೆಕ್ಕೆ ಬಡಿಯಿತು. ಚಿಟಿಕೆ ಸುಣ್ಣ ಅವರ ಕೋಟಿನ ಮೇಲೆ ಉದುರಿತು. ಅದನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಬಹಳ ಹೊತ್ತು ನೋಡಿದರು. “ಎಲ್ಲಾ ಕಿತ್ತಾಕ್ಸಿ” ಎಂದರು, ಓಡದೆ, ಆದರೆ ನಡೆದರೆಂದೂ ಹೇಳಲಾಗದ ರೀತಿಯಲ್ಲಿ ಬಾಗಿಲು ತಲುಪುತ್ತಾ.

ಮೂರು ಸೂರೂ ಇಳಿದವು. ಮಾಡಿನ ಹಳೆಯ ಮರ ಬದಲಾಯಿಸಿ, ಹೆಂಚು ಕೈಯಾಡಿಸಿದರು. ಈಗ ನಮ್ಮ ಸಮಾವೇಶ ಕೇಂದ್ರದಲ್ಲಿ ಎ.ಸಿ. ಇಲ್ಲ, ಮಾತಾಡಿದರೆ ಪ್ರತಿಧ್ವನಿ ಬರುತ್ತದೆ, ಪಾರಿವಾಳಗಳು ಮರಳಿರುವುದರಿಂದ ಅತಿಥಿಗಳು ಛತ್ರಿ ಹಿಡಿಯುವುದು ಒಳ್ಳೆಯದು. ನಾಮಫಲಕಕ್ಕೆ ಹೆಸರಿನ್ನೂ ತೋಚಿಲ್ಲ. ಮೊದಲ ಕಾರ್ಯಕ್ರಮದ ದಿನ ಮೈಕಿನ ಮುಂದೆ ನಿಂತೆ. ಖಾಲಿ ಸಾಲುಗಳು ಎದುರಿಗೇ ಇದ್ದವು. ಮುಂದೆ ಬನ್ನಿ ಎಂದು ಕರೆಯುವ ಬದಲು ಮೈಕು ಆರಿಸಿದೆ, ಮತ್ತೆ ಹಾಕಿದೆ. ರೂಪಾ ಹಿಂದಿನಿಂದ ಎದ್ದಳು. ತಲೆಯೆತ್ತಿ ಹೆಂಚು, ತೊಲೆ, ರೀಪು ಎಲ್ಲವನ್ನೂ ನಿಧಾನವಾಗಿ ನೋಡುತ್ತಾ ಬಂದು ಗೆಳತಿಯೊಂದಿಗೆ ಮೊದಲ ಸಾಲಿನಲ್ಲಿ ಕೂತಳು. “ನಾವೇ ನೋಡ್ಕೊಂಡ್ ಬಂದ್ವಿ ಸಾರ್. ನೀವು ಶುರು ಮಾಡಿ” ಎಂದಳು.

ಅವತ್ತು ಗುರುವಾರ. ಮನೆಗೆ ಬಂದು ಮಂಚವನ್ನು ಮೊದಲಿದ್ದ ಜಾಗಕ್ಕೆ ಎಳೆದು ಮಲಗಿದವನಿಗೆ ಎಚ್ಚರವಾದದ್ದು ಶುಕ್ರವಾರ ಹಾಲಿನವನ ಗಂಟೆಗೆ. ಎಷ್ಟು ದಿನವಾಗಿತ್ತು ಅಂಥ ನಿದ್ದೆ ಮಾಡಿ! ಸಂತೋಷದಿಂದ ಪಕ್ಕಕ್ಕೆ ತಿರುಗಿದೆ. ಗಿರಿಜಾ ಅಂಗಾತ ಮಲಗಿ, ಕಣ್ಣು ಕೆಂಪಗೆ ಮಾಡಿಕೊಂಡು ಮೇಲೇ ನೋಡುತ್ತಿದ್ದಳು.

“ರೀ,” ಎಂದಳು, “ಆ ಮೂಲೆಯ ಬಿರುಕು ಮೊದಲಿಂದಾನೂ ಇತ್ತಾ?”