ಭಾವ ಸರಿ ಇಲ್ಲ

ನಗಿಸಬೇಕೆಂದು ನಾನು ಬಾಯಿ ತೆರೆದವನಲ್ಲ. ನಾನು ತೀರ ಕಷ್ಟದಲ್ಲಿದ್ದಾಗಲೇ ಎದುರಿನವರಿಗೆ ನಗು ಬರುತ್ತದೆ. ಇದು ಮೊದಲಿನಿಂದಲೂ ಹೀಗೇ.

ಬಂದೂಕು

ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದ ಕಾಲ. ಒಣಗಿದೆಲೆ ದರಗು ಗುಡಿಸಿ ತರಲು ಕಾಡಿಗೆ ಹೋದ ಅಕ್ಕ ಜ್ವರ ಹಿಡಿಸಿಕೊಂಡು ಬಂದಳು. ಉಳಿಯಲಿಲ್ಲ.

ಆಮೇಲೆ ಭಾವ ಹೊಲಕ್ಕೆ ಹೋಗುವುದನ್ನು ಬಿಟ್ಟರು. ಊಟ ಅರ್ಧಕ್ಕೆ ಬಿಡುತ್ತಿದ್ದರು. ಮಾತು ನಿಂತಿತು. ದಿನವೂ ಬಾವಿ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದರು. ನನಗೆ ಹೆದರಿಕೆಯಾಯಿತು.

ಶಿಕಾರಿಪುರದ ಡಾಕ್ಟರು, ಇದು ಮನಸ್ಸಿನ ಕಾಯಿಲೆ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಬೋರ್ಡು ಹಾಕಿಕೊಂಡವರನ್ನೆಲ್ಲ ನಂಬಬೇಡಿ, ಲೈಸೆನ್ಸ್ ಇರುವವರನ್ನೇ ನೋಡಿ ಎಂದು ಒತ್ತಿ ಹೇಳಿದರು.

ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿಯವನು ಎಲ್ಲಿಗೆಂದು ಕೇಳಿದ. ಬೆಂಗಳೂರಿಗೆ, ಲೈಸೆನ್ಸ್ ನೋಡಲು ಎಂದೆ.

"ಬಂದೂಕಿಂದೇನ್ರೀ?"

"ಡಾಕ್ಟರದು."

ಅವನು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: "ಎರಡೂ ಒಂದೇ ಬಿಡ್ರೀ. ಬಂದೂಕು ಒಮ್ಮೊಮ್ಮೆ ಗುರಿ ತಪ್ತೈತಿ."

ನಾಯಿ

ಬೆಂಗಳೂರಿನಲ್ಲಿ ಮನಸ್ಸಿನ ಡಾಕ್ಟರು ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ತಲೆ ಡಾಕ್ಟರು ಎಂದು ಕೇಳಿದೆ. ಒಬ್ಬ ಕನ್ನಡಕದ ಅಂಗಡಿ ತೋರಿಸಿದ. ಇನ್ನೊಬ್ಬ ಕೂದಲೆಣ್ಣೆ ಮಾರುವವನ ಹತ್ತಿರ ಕಳಿಸಿದ.

ಕೊನೆಗೆ ಒಂದು ಬೋರ್ಡು ಕಂಡಿತು: ಮನಸ್ಸಿನ ಸಕಲ ವ್ಯಾಧಿಗಳಿಗೆ. ಒಳಗೆ ರೇಷ್ಮೆ ಶಲ್ಯದ ಮನುಷ್ಯ ಕೂತಿದ್ದ. ಲೈಸೆನ್ಸ್ ಇದೆಯೇ ಎಂದು ಕೇಳಿದೆ. ಗೋಡೆಯ ಮೇಲಿನ ಕಟ್ಟು ಹಾಕಿಸಿದ ಕಾಗದ ತೋರಿಸಿದ. ಇಂಗ್ಲಿಷಿನಲ್ಲಿತ್ತು. ಮೊಹರೂ ಇತ್ತು. ನಾನು ಚಪ್ಪಲಿ ಬಿಟ್ಟು ಕೂತೆ.

ಭಾವ ಸ್ವಲ್ಪ ಇಂಗ್ಲಿಷ್ ಓದಿದ್ದವರು. ಗೋಡೆಯ ಹತ್ತಿರ ಹೋಗಿ ಬಹಳ ಹೊತ್ತು ನಿಂತರು. ಊರು ಬಿಟ್ಟ ಮೇಲೆ ಮೊದಲ ಸಲ ಬಾಯಿ ಬಿಟ್ಟರು.

"ಏಳೋ. ಇದು ನಾಯಿ ಸಾಕೋಕೆ ಕೊಟ್ಟಿದ್ದು."

ಮೇಜಿನ ಕೆಳಗೆ ಒಂದು ನಾಯಿ ಮಲಗಿತ್ತು. ಆ ಮನೆಯಲ್ಲಿ ಲೈಸೆನ್ಸ್ ಇದ್ದದ್ದು ಅದಕ್ಕೊಂದಕ್ಕೇ.

ಲಾಡ್ಜು

ಲಾಡ್ಜಿನ ಮ್ಯಾನೇಜರಿಗೆ ಬಂದ ಕೆಲಸ ಹೇಳಿದೆ. ಅವನು ನನ್ನ ಮುಖ ನೋಡಿದ, ಭಾವನ ಮುಖ ನೋಡಿದ. ಭಾವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: "ಯಜಮಾನ್ರೇ, ನಿಮ್ಮ ಜೊತೆಗಿರೋರು ಕಚ್ತಾರಾ?"

ಭಾವ ಸ್ವಲ್ಪ ಯೋಚಿಸಿದರು.

"ಇದುವರೆಗೆ ಇಲ್ಲ."

ಆದರೂ ಒಳ್ಳೆಯವನು. ಮನಶ್ಶಾಸ್ತ್ರ ಓದಿ, ಸರಿಯಾದ ಲೈಸೆನ್ಸ್ ಪಡೆದವರೊಬ್ಬರ ಮನೆ ಗುರುತು ಹೇಳಿದ. ನಾವು ಹೊರಟ ಮೇಲೆ ನನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದನಂತೆ.

ಭಾವ

ಈ ಡಾಕ್ಟರು ನಡುವಯಸ್ಸಿನವರು. ಮೃದು ಮಾತು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಭಾವ ನೆಲ ನೋಡುತ್ತಿದ್ದರು. ಹಾಗಾಗಿ ನಾನೇ ಹೇಳಬೇಕಾಯಿತು.

"ಏನು ತೊಂದರೆ?"

"ಭಾವ ಸರಿ ಇಲ್ಲ."

ಅವರು ತಲೆಯಾಡಿಸಿ ಬರೆದುಕೊಂಡರು. "ಯಾವಾಗಿನಿಂದ?"

"ಅಕ್ಕ ಸತ್ತಾಗಿನಿಂದ."

"ಭಾವ ಹೊರಗೆ ಬರುವುದೇ ಇಲ್ಲವೆ?"

"ಬಂದರೆ ಬಾವಿ ಕಟ್ಟೆಗೆ."

ಅವರ ಕೈ ನಿಂತಿತು. ನನ್ನನ್ನೇ ನೋಡಿದರು. "ನಿಮಗೆ ಅಳು ಬಂತೆ?"

"ನನಗ್ಯಾಕೆ?"

ಆಗ ಭಾವ ತಲೆ ಎತ್ತಿದರು.

"ಇವನು ಅತ್ತಿಲ್ಲ ಸ್ವಾಮಿ. ಮಣ್ಣು ಹಾಕುವಾಗಲೂ ಅಳಲಿಲ್ಲ. ತಾಯಿ ಇಲ್ಲದ ಕೂಸು ಇವನು. ಅವಳೇ ಸಾಕಿದ್ದು. ನಮ್ಮನೆಗೆ ಮದುವೆಯಾಗಿ ಬರುವಾಗ ಕಂಕುಳಲ್ಲಿ ಇವನನ್ನೂ ಎತ್ತಿಕೊಂಡೇ ಬಂದಳು. ಅವಳು ಹೋದ ಮೇಲೆ ಇವನು ಅವಳ ಬಗ್ಗೆ ಯಾರ ಹತ್ರನೂ ಒಂದು ಮಾತು ಆಡಿಲ್ಲ."

ಅಷ್ಟು ಮಾತು ಅವರ ಬಾಯಿಂದ ಕೇಳಿ ತಿಂಗಳುಗಳಾಗಿದ್ದವು. ಭಾವ ಅಂದರೆ ಇವರು, ನನ್ನ ಅಕ್ಕನ ಗಂಡ, ಕಾಯಿಲೆ ಇವರಿಗೆ ಎಂದು ಹೇಗೋ ಬೆರಳು ಮಾಡಿ ತೋರಿಸಿದೆ.

ಡಾಕ್ಟರು ತಾವು ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡರು. ಒಂದಕ್ಷರವನ್ನೂ ಹೊಡೆದುಹಾಕಲಿಲ್ಲ. ಭಾವನ ಕಡೆ ತಿರುಗಿ ಹೇಳಿದರು: "ಇವರನ್ನು ಒಂಟಿಯಾಗಿ ಬಿಡಬೇಡಿ. ಜೊತೆಗೆ ಕೂತು ಪೂರ್ತಿ ಊಟ ಮಾಡಿ. ದಿನಾ ಮಾತಾಡಿಸಿ. ಇದು ನಿಮ್ಮ ಜವಾಬ್ದಾರಿ."

ಅವರು ತಪ್ಪಾಗಿ ತಿಳಿದುಕೊಂಡರೋ, ಎಲ್ಲ ತಿಳಿದೇ ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಭಾವ ಮಾತ್ರ ಗಂಭೀರವಾಗಿ ಒಪ್ಪಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಬುತ್ತಿ ಬಿಚ್ಚಿ ನನಗೆ ಬಡಿಸಿದರು. ನಾನು ತಿನ್ನುವುದನ್ನು ನೋಡುತ್ತ ತಾವೂ ತಿಂದರು.

ಶಿಕಾರಿಪುರದಲ್ಲಿ ಇಳಿದಾಗ ಬೀಡಾ ಅಂಗಡಿಯವನು ಕೂಗಿದ: "ಲೈಸೆನ್ಸ್ ಸಿಕ್ತೇನ್ರೀ?"

ಭಾವ ನನ್ನ ಹೆಗಲ ಮೇಲೆ ಕೈ ಇಟ್ಟರು.

"ಸಿಕ್ತು. ಇವನನ್ನ ಸಾಕೋಕೆ ನಂಗೆ ಕೊಟ್ಟಿದಾರೆ."