ಚನ್ನಾಜಮ್ಮನ ಸಾವು, ಗುರುಮಲ್ಲಪ್ಪನ ಪ್ರಾಕ್ಟಿಕಲ್

ಮಧುವನಹಳ್ಳಿಯ ಚನ್ನಾಜಮ್ಮ ತೊಂಬತ್ತು ದಾಟಿದ ಮೇಲೆ ಯಾವ ದಿನ ಬೇಕಾದರೂ ಸಾಯಬಹುದಿತ್ತು. ಯಾರೂ ಬೇಡವೆನ್ನುತ್ತಿರಲಿಲ್ಲ. ಬೇರೆಲ್ಲ ದಿನ ಬಿಟ್ಟು ಪಕ್ಕದ ಮನೆ ಗುರುಮಲ್ಲಪ್ಪನ ಸಂಗೀತ ಪರೀಕ್ಷೆಯ ದಿನವೇ ಬೆಳಿಗ್ಗೆ ಶಿವನ ಪಾದ ಸೇರಿಕೊಂಡಳು.

ಗುರುಮಲ್ಲಪ್ಪ ಮೂವತ್ತರ ಮೇಲೆ ಹಟ ಹಿಡಿದು ಕೊಳ್ಳೇಗಾಲದ ಕಾಲೇಜೊಂದರಲ್ಲಿ ಸಂಗೀತದ ಡಿಪ್ಲೊಮಾಕ್ಕೆ ಸೇರಿದ್ದ. ಥಿಯರಿ ಪಾಸಾಗಿತ್ತು. ಪ್ರಾಕ್ಟಿಕಲ್‌ನಲ್ಲಿ ಹೋದ ವರ್ಷ ಗಂಟಲು ಕೈಕೊಟ್ಟು ಫೇಲಾಗಿದ್ದ. ಹನೂರು ಕಡೆಯ ವಸತಿ ಶಾಲೆಯೊಂದರವರು ಸಂಗೀತ ಮೇಷ್ಟ್ರ ಕೆಲಸವನ್ನು ಇವನಿಗೆಂದೇ ಹಿಡಿದಿಟ್ಟುಕೊಂಡಿದ್ದರು. ಈ ಸಲವೂ ಡಿಪ್ಲೊಮಾ ತರದಿದ್ದರೆ ಹಾರ್ಮೋನಿಯಂ ಅನ್ನು ಡ್ರಿಲ್ ಮೇಷ್ಟ್ರಿಗೆ ಒಪ್ಪಿಸುತ್ತೇವೆ ಎಂದೂ ಹೇಳಿದ್ದರು. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಬಾಕಿ ಉಳಿದವನು ಇವನೊಬ್ಬನೇ ಆದ್ದರಿಂದ ಎಕ್ಸಾಮಿನರು ಇವನೊಬ್ಬನಿಗೋಸ್ಕರವೇ ಬರುವವರಿದ್ದರು.

ಅವನು ಜಗುಲಿಯ ಮೇಲೆ ಬಿಸಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದಾಗ ಊರಿನ ಭಜನೆ ಮೇಳದ ಯಜಮಾನ ದೊಡ್ಡಮಾದಪ್ಪ ಬಂದು ನಿಂತ.

"ಏನ್ಲಾ ಮಗ, ಪಕ್ಕದ ಮನೇಲಿ ಅಜ್ಜಿ ಓಗ್ಬುಟ್ಟದೆ, ನೀನು ಗಳಗಳ ಅನ್ಕಂಡು ಕುಂತಿದ್ದಯಲ್ಲ?"

"ಇವತ್ತು ಪರೀಕ್ಷೆ ಕಣಣ್ಣ. ಗಂಟ್ಲು ಉಳಿಸ್ಕೋಬೇಕು."

"ಪರೀಕ್ಷೆ ಎಲ್ಡು ಗಂಟ್ಗೆ ತಾನೆ? ಒಂದೇ ಒಂದು ಪದ ಏಳ್ಬುಟ್ಟು ಓಗು. ಸಂಗೀತ ಓದ್ದೋನು ಬರ್ಲಿಲ್ಲ ಅಂದ್ರೆ ನಾಳೆ ನಿಮ್ಮವ್ವ ಓದಾಗ ಯಾರ್ಲಾ ಬಂದಾರು?"

ತನ್ನ ಸಾವಿನ ವಿಚಾರ ಕಿವಿಗೆ ಬಿದ್ದದ್ದೇ ತಡ, ಅವನವ್ವ ಮಹಾದೇವಮ್ಮ ಒಳಗಿನಿಂದ ಬಂದು, "ಓಗ್ಲಾ, ನಾಳೆ ನನ್ನ ಮುಂದೆ ಯಾರೂ ಕೂರ್ದಂಗೆ ಮಾಡ್ಬೇಡ" ಎಂದಳು. ಗುರುಮಲ್ಲಪ್ಪ ಬೈಕು ತೆಗೆದು ಬೀದಿಗೆ ಮುಖ ಮಾಡಿ ನಿಲ್ಲಿಸಿ, ಸಾವಿನ ಮನೆಗೆ ಹೋದ.

ಅಲ್ಲಿ ಚನ್ನಾಜಮ್ಮನನ್ನು ಹೂವಿನ ಹಾರ ಹಾಕಿ ಕೂರಿಸಿದ್ದರು. ಮಣ್ಣಿಗೆ ಎತ್ತುವ ತನಕ ಭಜನೆ ನಿಲ್ಲಬಾರದೆಂದು ಊರಿನ ಕಟ್ಟಳೆ. ಹೇಗೂ ಹಾಡಬೇಕು, ಪರೀಕ್ಷೆಯದನ್ನೇ ಹಾಡಿದರೆ ಅಭ್ಯಾಸವಾದರೂ ಆಗುತ್ತದೆ ಎಂದು ಗುರುಮಲ್ಲಪ್ಪ ಲೆಕ್ಕ ಹಾಕಿ ಶುಭಪಂತುವರಾಳಿಯ ಆಲಾಪನೆ ಎತ್ತಿಕೊಂಡ. ಹೆಸರಿನಲ್ಲಷ್ಟೇ ಶುಭವಿರುವ, ದುಃಖಕ್ಕೆಂದೇ ಹೇಳಿ ಮಾಡಿಸಿದ ರಾಗ ಅದು. ಅವನು "ಆ..." ಎಂದು ತಾರಸ್ಥಾಯಿಗೆ ಹೋದದ್ದೇ ಸೊಸೆ ಕೆಂಪಾಜಮ್ಮ ಯಾರೋ ಜಿಗುಟಿದವರಂತೆ ಬೆಚ್ಚಿ, "ನನ್ನವ್ವಾ..." ಎಂದು ದನಿ ತೆಗೆದಳು. ಅತ್ತೆಯೊಂದಿಗೆ ಅವಳು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಹಿಂದೆಯೇ ಅಂಗಳದ ಹೆಂಗಸರೆಲ್ಲ ಶುರು ಮಾಡಿದರು.

ದೊಡ್ಡಮಾದಪ್ಪ ತಾಳ ಕೆಳಗಿಟ್ಟ. "ನಾವು ಬೆಳಿಗ್ಗೆಯಿಂದ ಬಡ್ಕಂಡ್ರೂ ಒಬ್ರೂ ಅಳ್ನಿಲ್ಲ. ಇವ್ನು ಬಾಯಿ ತೆಗೆದ್ರೆ ಅಳು ತಾನಾಗೇ ಬತ್ತದೆ ಕಣ್ರಪ್ಪ" ಎಂದ. ಗುರುಮಲ್ಲಪ್ಪನ ಕತೆ ಅಲ್ಲಿಗೆ ಮುಗಿಯಿತು.

ಅವನು ಎದ್ದು ಪಂಚೆ ಕೊಡವುವಷ್ಟರಲ್ಲಿ ಹನೂರಿನ ನೆಂಟರು ಟೆಂಪೊದಲ್ಲಿ ಬಂದಿಳಿದರು. ಕೆಂಪಾಜಮ್ಮ ಓಡಿಬಂದು ಅವನ ತೋಳು ಹಿಡಿದಳು.

"ದೂರದಿಂದ ಬಂದವ್ರೆ ಕಣಪ್ಪ. ಅಳ್ದೆ ಓದ್ರೆ, ಸೊಸೆ ಸರ್ಯಾಗಿ ಸಾವು ಮಾಡ್ನಿಲ್ಲ ಅಂತ ನನ್ನೇ ಆಡ್ಕತಾರೆ. ಒಂದ್ಸಲ ಆ ಅನ್ನು ಸಾಕು."

ಅವನು ಆ ಎಂದ. ಹನೂರಿನವರು ಅತ್ತರು. ಅದು ಮುಗಿಯುವಾಗ ಮಾರ್ಟಳ್ಳಿಯವರು ಬಂದರು; ಅವರಲ್ಲಿ ಅರ್ಧ ಜನ ತಮಿಳಿನಲ್ಲಿ ಅತ್ತರು. ಆಮೇಲೆ ಹೊನ್ನೂರಿನವರು. ಅವರು ಮೊದಲು ಊಟ ವಿಚಾರಿಸಿದರು, ಆಮೇಲೆ ಅತ್ತರು. ಅವನ ದನಿ ಒಂದಿಷ್ಟು ಬಿರಿದದ್ದು ಕಂಡು ಯಾರೋ ಮೆಣಸಿನ ಕಷಾಯ ಕುಡಿಸಿದರು. ಉಷ್ಣವಾದೀತೆಂದು ಇನ್ಯಾರೋ ಅದರ ಮೇಲೆಯೇ ಎಳನೀರು ಕುಡಿಸಿದರು. ಅಲ್ಲಿಗೆ ಗಂಟಲು ಪೂರಾ ಕಟ್ಟಿತು. ಹೇಗೋ ನುಸುಳಿಕೊಂಡು ಬೀದಿಗೆ ಬಂದರೆ, ಅವನ ಬೈಕಿನ ಮುಂದೆ ಹನೂರಿನ ಟೆಂಪೊ, ಹಿಂದೆ ಮಾರ್ಟಳ್ಳಿಯ ವ್ಯಾನು ನಿಂತಿದ್ದವು. ಇಬ್ಬರು ಡ್ರೈವರುಗಳೂ ಕೆರೆ ಕಡೆ ಹೋಗಿದ್ದರು.

ಎರಡು ಗಂಟೆ ಹೊಡೆಯಿತು. ಗುರುಮಲ್ಲಪ್ಪ ಬೈಕಿನ ಸೀಟು ಹಿಡಿದುಕೊಂಡು ನಿಂತುಬಿಟ್ಟ. ಅಷ್ಟರಲ್ಲಿ ಫೋನು ಬಂತು. ಕಾಲೇಜಿನ ಮಾಲಿನಿ ಮೇಡಂ.

"ಗುರುಮಲ್ಲಪ್ಪ, ಬೇಜಾರು ಮಾಡ್ಕೋಬೇಡಿ. ಎಕ್ಸಾಮಿನರಿಗೆ ಏನೋ ಅಡಚಣೆಯಂತೆ. ಪರೀಕ್ಷೆ ನಾಳೆ ಬೆಳಿಗ್ಗೆ ಹತ್ತಕ್ಕೆ."

ಅವನಿಗೆ ಮೇಡಂ ಕಾಲಿಗೆ ಬೀಳೋಣ ಅನ್ನಿಸಿತು. ಇನ್ನು ನಾಳೆ ಹತ್ತರವರೆಗೆ ಒಂದಕ್ಷರ ಮಾತಾಡಬಾರದು, ಸಂಜೆ ಮಣ್ಣು ಮುಗಿಸಿ ಮಲಗಿಬಿಡಬೇಕು ಎಂದು ತೀರ್ಮಾನಿಸಿ ನೆಮ್ಮದಿಯಾಗಿ ಅಂಗಳಕ್ಕೆ ಮರಳಿದ.

ಅಲ್ಲಿ ಯಳಂದೂರಿನ ಕಾರು ಬಂದಿತ್ತು. ಚನ್ನಾಜಮ್ಮನ ಕಿರಿಮಗಳು ಪ್ರೇಮಾ ತಾಯಿಯ ಮುಂದೆ ಕಲ್ಲಿನಂತೆ ಕೂತಿದ್ದಳು, ಕಣ್ಣಲ್ಲಿ ಒಂದು ಹನಿಯಿಲ್ಲ. ಶಲ್ಯ ಹೊದ್ದ ಅವಳ ಗಂಡ ವೃಷಭೇಂದ್ರಪ್ಪ ಊರವರೊಡನೆ ಮಾತಾಡುತ್ತಿದ್ದರು.

"ಮಿಲಿಟ್ರಿಯಲ್ಲಿರೋ ಮೊಮ್ಮಗ ಬರೋದು ಬೆಳಿಗ್ಗೆ ಆಗುತ್ತೆ. ನನಗೂ ನಾಳೆ ಹತ್ತಕ್ಕೆ ಕೊಳ್ಳೇಗಾಲದಲ್ಲಿ ಮ್ಯೂಸಿಕ್ ಪ್ರಾಕ್ಟಿಕಲ್ ತಗೊಳ್ಳೋ ಡ್ಯೂಟಿ ಇದೆ. ಇವತ್ತಿನದನ್ನೇ ಮುಂದಕ್ಕೆ ಹಾಕಿದ್ದೀನಿ. ಅದು ಮುಗಿಸಿ ಬರ್ತೀನಿ, ಮಧ್ಯಾಹ್ನ ಮಣ್ಣು ಮಾಡೋಣ. ಅಲ್ಲೀವರೆಗೂ ಭಜನೆ ನಿಲ್ಲೋದು ಬೇಡ. ಅದ್ಯಾರೋ ಚೆನ್ನಾಗಿ ಅಳಿಸ್ತಾರಂತಲ್ಲ, ಎಲ್ಲಿ ಅವರು?"

ಊರಿಗೆ ಊರೇ ಗುರುಮಲ್ಲಪ್ಪನತ್ತ ಕೈ ತೋರಿಸಿತು.

ಅವನು ಹತ್ತಿರ ಹೋಗಿ, ಇದ್ದಷ್ಟು ದನಿಯಲ್ಲಿ ಪಿಸುಗುಟ್ಟಿದ. "ಸಾ, ನಾಳೆ ಪ್ರಾಕ್ಟಿಕಲ್ ಇರೋದು ನಂದೇ."

ವೃಷಭೇಂದ್ರಪ್ಪನವರ ಮುಖ ಅರಳಿತು. "ಹೌದಾ? ಒಳ್ಳೇದೇ ಆಯ್ತು. ಹಾಗಾದ್ರೆ ಬೆಳಗಾಗೋ ತನಕ ನೀವೇ ಹಾಡಿ, ಆಮೇಲೆ ಇಬ್ರೂ ನನ್ನ ಕಾರಲ್ಲೇ ಹೋಗೋಣ. ಆದ್ರೆ ಒಂದು ಮಾತು, ಗಂಟಲು ಜೋಪಾನ. ಕಟ್ಟಿದ ಗಂಟಲನ್ನ ನಾನು ಇಲ್ಲೀತನಕ ಪಾಸು ಮಾಡಿಲ್ಲ. ಅತ್ತೆ ಸಾವಿಗೆ ಹಾಡಿದ ಅಂತ ಮಾರ್ಕು ಹಾಕಿಬಿಟ್ಟ ಅಂತ ಯಾರೂ ಅನ್ನಬಾರದು ನೋಡಿ. ಹೂಂ, ಈಗ ನಮ್ಮ ಪ್ರೇಮಾಗೆ ಒಂದ್ಸಲ ಆ ಅನ್ನಿ."

ಗುರುಮಲ್ಲಪ್ಪ ಬಾಯಿ ತೆರೆದ. ಸ್ವರ ಮೇಲಕ್ಕೆ ಹೋಗುವ ಮೊದಲೇ ಒಡೆದು ಚೂರಾಯಿತು. ಅದನ್ನು ಕೇಳಿ ಪ್ರೇಮಾ ಗೋಳೋ ಎಂದು ಅಳತೊಡಗಿದಳು. ಅವಳ ಜೊತೆಗೆ, ಬೆಳಿಗ್ಗೆಯಿಂದ ಮೊದಲ ಸಲ, ಗುರುಮಲ್ಲಪ್ಪನೂ ಮನಸಾರೆ ಅತ್ತ.

"ನೋಡ್ರಪ್ಪ, ಅಜ್ಜಿ ಮ್ಯಾಲೆ ಅದೆಷ್ಟು ಪ್ರೀತಿ ಮಡಗಿದ್ದ ಅಂತ" ಎಂದ ದೊಡ್ಡಮಾದಪ್ಪ, ಮತ್ತೆ ತಾಳ ಎತ್ತಿಕೊಂಡ.