ಪಕ್ಷದ ಪರವಾಗಿ ಉಂಡಾಂವ

ಪಕ್ಷದ ಆಫೀಸಿನ್ಯಾಗ ಕುಂತಾಂವಗ ನಗಾಕ ನಾಟಕಕ್ಕ ಹೋಗೋ ಗರಜ ಬೀಳೂದಿಲ್ಲ. ಒಂದು ಪ್ರಸಂಗ ಮುಗೀತು ಅನ್ನೂದ್ರಾಗ ಇನ್ನೊಂದು ಬಾಗಲಾ ಬಡೀತಿರತೈತಿ. ಎಪ್ಪತ್ತರ ದಶಕದಾಗ ನಾ ಬೈಲಹೊಂಗಲದಾಗ ನಮ್ಮ ಪಕ್ಷದ ತಾಲೂಕಾ ಆಫೀಸು ನೋಡಕೊಂತಿದ್ದೆ. ನೋಡಕೊಳ್ಳೂದು ಅಂದ್ರ ಕಸಾ ಹೊಡ್ಯೂದು, ಚಾಪಿ ಹಾಸೂದು, ಚಾ ತರಸೂದು, ಜೀಪ ಹೊಂಟ್ರ ಹಿಂದ ಹತ್ತಿ ಕುಂಡ್ರೂದು. ಪಕ್ಷದ ಹೆಸರು ಹೇಳಂಗಿಲ್ಲ. ಅದು ಈಗಿಲ್ಲ, ಹೋದವರ ಹೆಸರು ತಗೊಂಡು ನಗಬಾರದು. ಆವಾಗ ನಕ್ಕದ್ದು ತಪ್ಪು ಅಂತ ಈಗ ಅನಸತೈತಿ. ಆದ್ರೂ ನೆನಪಾದ ಕೂಡ್ಲೆ ಮತ್ತ ನಗುನ ಬರತೈತಿ, ಏನ ಮಾಡೂದು.

೧. ಎರಡು ಮಾರಿ ಬ್ಯಾನರು

ನಮ್ಮಲ್ಲೆ ಇಬ್ಬರು ಮುಖಂಡರು. ಅಧ್ಯಕ್ಷರು ವಕೀಲರು. ಬಡವರಿಗೆ ಮೊದಲ ಕೂಲಿ ಹೆಚ್ಚಾಗಬೇಕು, ಭೂಮಿ ಸಿಗಬೇಕು, ಹೊಟ್ಟಿ ತುಂಬಿದ ಮ್ಯಾಲ ಜಾತಿ ಗೀತಿ ತಾನ ಉದುರಿ ಹೋಗತೈತಿ ಅನ್ನೂದು ಅವರ ವಾದ. ಉಪಾಧ್ಯಕ್ಷರು ಸವದತ್ತಿ ಕಡೆ ಸಾಲಿ ಮಾಸ್ತರಿಕಿ ಮಾಡಿ ರಿಟೈರ ಆದವರು. ಮನಷ್ಯಾನ ಮನಷ್ಯಾ ಮುಟ್ಟಿಸಿಕೊಳ್ಳದ ಊರಾಗ ಕೂಲಿ ಹೆಚ್ಚಾದ್ರೇನು ಬಿಟ್ಟರೇನು, ಮೊದಲ ಮಾನ ಬೇಕು ಅನ್ನೂದು ಅವರದು. ನಾವು ಹುಡುಗರು ಹಿಂದ ಒಬ್ಬರಿಗೆ ಹೊಟ್ಟಿ ವಕೀಲರು, ಇನ್ನೊಬ್ಬರಿಗೆ ಮಾನದ ಮಾಸ್ತರು ಅಂತಿದ್ವಿ. ಇಬ್ಬರೂ ಹೇಳೂದು ಖರೇನ ಇತ್ತು. ತಕರಾರ ಬಂದದ್ದ ಅಲ್ಲೆ.

ಒಮ್ಮೆ ತಹಶೀಲ್ದಾರ ಕಚೇರಿಗೆ ಮೆರವಣಿಗಿ ಹೊಂಟಿತ್ತು. ಬ್ಯಾನರಿನ ಮ್ಯಾಲ ಯಾವ ಬೇಡಿಕಿ ಮ್ಯಾಲಿರಬೇಕು, ಯಾವುದು ಕೆಳಗಿರಬೇಕು ಅಂತ ಇಬ್ಬರಿಗೂ ಜಗಳ ಹತ್ತಿತು. ಪೇಂಟರ ಚಾಚಾ ಬಣ್ಣದ ಡಬ್ಬಿ ತಗದಿಟ್ಟು ಬೀಡಿ ಸೇದಿ ಸೇದಿ ಸಾಕಾಗಿ, ಅರಿವಿಯ ಒಂದು ಮಾರಿಗೆ ಕೂಲಿ ಬರದ, ಇನ್ನೊಂದು ಮಾರಿಗೆ ಮಾನ ಬರದ. ಇಬ್ಬರೂ ಸಮಾಧಾನ ಆದ್ರು. ಮೆರವಣಿಗಿ ಹೊಂಡೂ ಹೊತ್ತಿಗೆ ನೋಡಿದ್ರ, ವಕೀಲರು ಒಂದು ಕೋಲು ಹಿಡಕೊಂಡು ತಮ್ಮ ಮಾರಿ ಮುಂದ ಮಾಡಿದ್ರು, ಮಾಸ್ತರು ಇನ್ನೊಂದು ಕೋಲು ಹಿಡಕೊಂಡು ತಮ್ಮ ಮಾರಿ ಮುಂದ ತಿರುವಿದ್ರು. ಬ್ಯಾನರು ನಡುವ ಹಿಂಡಿದ ಧೋತರ ಆತು. ಹಂಗ ಪ್ಯಾಟಿ ತುಂಬ ಹೋದ್ವಿ. ಅಡತಿ ಅಂಗಡಿ ಮುಂದ ಕುಂತ ಹಮಾಲ ಒಬ್ಬ, ಇವರು ಯಾವ ಪಕ್ಷದವರು ಅಂತ ಬಾಜೂದಾಂವನ್ನ ಕೇಳಿದ. ಆಂವ, ಮೊದಲ ಅರಿವಿ ಒಣಾ ಹಾಕಲಿ, ಆಮ್ಯಾಲ ಓದೂಣು ಅಂದ.

೨. ಊಟದ ಠರಾವು

ಆ ವರ್ಷ ಮಾಸ್ತರು ಕಮಿಟಿಯೊಳಗ ಒಂದು ಠರಾವು ಪಾಸು ಮಾಡಿಸಿದ್ರು. ಪಕ್ಷದವರು ಹಳ್ಳಿಗೆ ಹೋದ್ರ ಊಟಾ ದಲಿತರ ಕೇರಿಯೊಳಗ ಆಗಬೇಕು. ಆವಾಗ ಹರಿಜನ ಕೇರಿ ಅಂತಿದ್ರು. ವಕೀಲರು ಊಟದ ವಿಷಯ ಅಂದ ಮ್ಯಾಲ ಇದು ಹೊಟ್ಟಿ ಕಡೆಗೂ ಬಂತು ಅಂತ ತಾವೂ ಕೈ ಎತ್ತಿದ್ರು. ಇಬ್ಬರೂ ಒಂದ ಠರಾವಿಗೆ ಕೈ ಎತ್ತಿದ್ದು ನಾ ನೋಡಿದಂಗ ಅದೊಂದ.

ಮೊದಲನೇ ಹಳ್ಳ್ಯಾಗ ರೊಟ್ಟಿ, ಬದನಿಕಾಯಿ ಪಲ್ಲೆ, ಶೇಂಗಾ ಹಿಂಡಿ, ಹೋಳಿಗಿ ಮಾಡಿ ಕಂಬಳಿ ಹಾಸಿ ಕಾಯತಿದ್ರು. ವಕೀಲರು ಎದಿ ಮ್ಯಾಲ ಕೈ ಇಟಗೊಂಡು, ಪಿತ್ತ ಆಗೇತಿ, ಡಾಕ್ಟರು ಮಜ್ಜಿಗಿ ಅಷ್ಟ ಹೇಳ್ಯಾರ ಅಂದ್ರು. ಮಾಸ್ತರು, ಇವತ್ತು ನಂದು ಒಪ್ಪತ್ತು ಅಂದ್ರು. ಮನಿಯವರ ಮಾರಿ ಸಣ್ಣದಾತು. ಆಗ ವಕೀಲರು ನನ್ನ ಬೆನ್ನ ಮ್ಯಾಲ ಕೈ ಹಾಕಿ, ಪಕ್ಷದ ಪರವಾಗಿ ಇಂವ ಉಣ್ಣತಾನ ಅಂದ್ರು. ನಾ ಕುಂತೆ. ನನ್ನ ಪಾಲಿಂದು ಉಂಡೆ, ಅಧ್ಯಕ್ಷರದು ಉಂಡೆ, ಉಪಾಧ್ಯಕ್ಷರದೂ ಉಂಡೆ. ಅಡಿಗಿ ಮಾಡಿದವರ ಕಣ್ಣು ನನ್ನ ಮ್ಯಾಲ ಇರಲಿಲ್ಲ, ಅವರಿಬ್ಬರ ಖಾಲಿ ತಾಟಿನ ಮ್ಯಾಲಿತ್ತು. ನನಗ ಅದು ಕಾಣತಿತ್ತು, ಆದ್ರ ಹೋಳಿಗಿ ಭಾಳ ಚಲೋ ಆಗಿದ್ವು.

ಅಂದಿನಿಂದ ಅದ ನನ್ನ ಹುದ್ದೆ ಆತು. ಕಿತ್ತೂರ ಕಡೆ ಹೋಗಲಿ, ರಾಮದುರ್ಗದ ಕಡೆ ಹೋಗಲಿ, ಇಬ್ಬರಿಗೂ ಹಳ್ಳಿ ಬಂದ ಕೂಡ್ಲೆ ಒಂದಿಲ್ಲೊಂದು ಜಡ್ಡು, ಇಲ್ಲಾ ಒಂದು ವ್ರತ. ಮನ್ಯಾಗ ನಮ್ಮವ್ವ, ಎಲ್ಲೆಲ್ಲೋ ಉಂಡು ಬಂದೀದಿ, ಜಳಕ ಮಾಡದ ಒಳಗ ಕಾಲಿಡಬ್ಯಾಡ ಅಂತಿದ್ಲು. ಅಕಿ ಜೋಡಿ ವಾದಾ ಮಾಡಾಕ ಧೈರ್ಯ ಇಲ್ಲದ ಜಳಕಾ ಮಾಡಿಬಿಡತಿದ್ದೆ. ಮೂರು ಮಂದಿ ಊಟಾ, ಮ್ಯಾಲ ಜಳಕಾ. ನಮ್ಮ ಪಕ್ಷದಾಗ ನನ್ನಷ್ಟು ದಪ್ಪ ಆದಾಂವೂ ಇಲ್ಲ, ನನ್ನಷ್ಟು ಸ್ವಚ್ಛ ಇದ್ದಾಂವೂ ಇಲ್ಲ.

೩. ಜುಬ್ಬಾದ ಕಿಸೆ

ದೊಡವಾಡದ ಆಚೆ ಒಂದು ಸಣ್ಣ ಹಳ್ಳಿ. ಅಲ್ಲಿ ಕೇರಿಯೊಳಗ ಒಬ್ಬಾಕಿ ದೊಡ್ಡವ್ವ ಇದ್ಲು. ಹೊಲದಾಗ ಕಸಾ ತಗಿಯೋ ಹೆಣ್ಣಾಳಿನ ಗುಂಪಿಗೆ ಅಕಿನ ಮುಂದಾಳು. ಅಕಿ ಕೂಲಿಗೆ ಹೋಗಬ್ಯಾಡ್ರಿ ಅಂದ್ರ ಒಂದು ಹೆಣ್ಣಾಳೂ ಹೊಲಕ್ಕ ಇಳೀತಿರಲಿಲ್ಲ. ಕೂಲಿ ಹೆಚ್ಚ ಮಾಡ್ರಿ ಅಂತ ನಾವು ಹೂಡಿದ ಮುಷ್ಕರ ನಡದದ್ದ ಅಕಿ ದಮ್ಮಿನ ಮ್ಯಾಲ.

ಅಕಿ ಪಕ್ಷಕ್ಕ ಕೇಳಿದ್ದು ಒಂದ. ಬರಗಾಲದಾಗ ಸರಕಾರದವರು ಆ ಊರ ನಡುವ ಬೋರು ಹೊಡದು ಕೈಪಂಪು ಕುಂಡ್ರಿಸಿದ್ರು. ಕೇರಿಯವರು ಅದರ ಹಿಡಿಕಿ ಮುಟ್ಟುವಂಗಿರಲಿಲ್ಲ. ಕೊಡಾ ದೂರ ಇಟ್ಟು ನಿಂತಿರಬೇಕು, ಊರವರು ಯಾರರೆ ಹೊಡದು ಹಾಕಿದ್ರ ನೀರು, ಇಲ್ಲದಿದ್ರ ಹಳ್ಳ. ದೊಡ್ಡವ್ವ ಮುಖಂಡರಿಗೆ ಹೇಳಿದ್ಲು:

“ನೀವು ನಮ್ಮನ್ಯಾಗ ಒಂದು ತುತ್ತು ಉಣ್ರಿ, ಆಮ್ಯಾಲ ನನ್ನ ಜೋಡಿ ಪಂಪಿನ ತನಕ ನಡದು ಬರ್ರಿ. ನಾ ಹೊಡೀತೇನಿ, ನೀವು ಕುಡೀರಿ. ನೀವು ಕುಡದ್ರ ಊರಾಗ ಯಾರೂ ಚಕಾರ ಎತ್ತಂಗಿಲ್ಲ.”

ಅವತ್ತು ಪತ್ರಿಕಾದ ಫೋಟೋದಾಂವ ಬೆಳಗಾವಿಯಿಂದ ಬಂದಿದ್ದ. ಹಿಂಗಾಗಿ ವಕೀಲರಿಗೆ ಪಿತ್ತ ಬರಲಿಲ್ಲ. ಕುಂತು ದೊಡ್ಡವ್ವ ಬಡದ ಬಿಸಿ ರೊಟ್ಟಿ ಮುರದು ಬಾಯಿ ಹತ್ತಿರ ಹಿಡದ್ರು. ಫೋಟೋದಾಂವ ಒಂದು ತಗದ, ಇನ್ನೊಂದು ಅಂದ, ಸ್ವಲ್ಪ ಬೆಳಕಿಗೆ ಬರ್ರಿ ಅಂದ. ರೊಟ್ಟಿ ಬಾಯಿ ಹತ್ತಿರ ನಿಂತ ನಿಂತಿತು, ಬಾಯಾಗ ಹೋಗಲಿಲ್ಲ. ಅಂವ ಕ್ಯಾಮರಾ ಮುಚ್ಚಿದ ಕೂಡ್ಲೆ ವಕೀಲರು ಆ ಕಡೆ ಈ ಕಡೆ ನೋಡಿ ರೊಟ್ಟಿ ಜುಬ್ಬಾದ ಕಿಸೆಕ ಇಳಿಸಿದ್ರು. ದೊಡ್ಡವ್ವ ನೋಡಿದ್ಲು. ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ಲು. ಪಂಪಿನ ಕಡೆ ಹೋಗಾಕ ವ್ಯಾಳ್ಯಾ ಇಲ್ಲ, ಯರಗಟ್ಟಿಯೊಳಗ ಸಭಾ ಐತಿ ಅಂತ ಜೀಪ ಹೊಂಡಿಸಿದ್ರು.

ಯರಗಟ್ಟಿ ಸಭಾದಾಗ ವಕೀಲರು ಗುಡುಗಿದ್ದ ಗುಡುಗಿದ್ದು. ಬಡವನ ರೊಟ್ಟಿ ಎಲ್ಲೆ ಹೋತು, ಯಾರ ಕಿಸೆದಾಗ ಹೋತು, ಹೇಳಬೇಕು ಇವತ್ತು ಅಂತ ಮೇಜು ಗುದ್ದಿ, ಬೆವರು ಒರಸಾಕ ಕಿಸೆಯಿಂದ ಕರವಸ್ತ್ರ ಜಗ್ಗಿದ್ರು. ಅದರ ಜೋಡಿ ರೊಟ್ಟಿನೂ ಬಂದು ಮೈಕಿನ ಮುಂದ ಬಿತ್ತು. ಮಂದಿ ಕಡಿಂದ ಒಬ್ಬ ಎದ್ದು ನಿಂತು ಬಲು ವಿನಯಲೆ ಹೇಳಿದ: “ಸಿಕ್ಕತ್ರಿ ಸಾಹೇಬ್ರ, ಇನ್ನ ಹುಡುಕಬ್ಯಾಡ್ರಿ.”

೪. ನೀರಡಿಕಿ

ಸಂತಿಗೆ ಬಂದಾಗೆಲ್ಲಾ ದೊಡ್ಡವ್ವ ಆಫೀಸಿಗೆ ಬಂದು ಬಾಗಲದಾಗ ಕುಂಡ್ರತಿದ್ಲು. ವಕೀಲರು ಅಕಿಗೆ ತಿಳಿಸಿ ಹೇಳತಿದ್ರು: ಪಂಪು ಹಿಡದು ಕುಂತವರು ಯಾರೋ, ಕೂಲಿ ಕೊಡಾವರೂ ಅವರ. ಈಗ ಅವರ ಜೋಡಿ ಕೂಲಿ ಮಾತು ನಡದೈತಿ, ನೀರಿನ ಮಾತು ತಗದ್ರ ಕೂಲಿನೂ ಹೋಗತೈತಿ. ಮೊದಲ ಕೂಲಿ ಆಗಲಿ. ಕೂಲಿ ಆತು. ಸುಗ್ಗಿ ಮುಗೀಲಿ ಅಂದ್ರು. ಸುಗ್ಗಿ ಮುಗೀತು. ಇಲೆಕ್ಷನ್ ಆಗಲಿ ಅಂದ್ರು. ಅದೂ ಆತು. ಅಕಿ ಸಿಟ್ಟಿಗೇಳತಿರಲಿಲ್ಲ. ಹಳ್ಳದ ಹೊಲಸು ನೀರು ಕುಡದು ಅಕಿ ಮೊಮ್ಮಗಳು ವಾಂತಿ ಭೇದಿಯಿಂದ ಹಾಸಿಗಿ ಹಿಡದಾಗೂ ಬಂದು, ಸಾಹೇಬ್ರ, ನೀರಿಂದು ಏನ ಮಾಡಿದ್ರಿ ಅಂತ ಅಷ್ಟ ಕೇಳಿದ್ಲು.

ಅವತ್ತು ಮಾನದ ಮಾಸ್ತರಿಗೆ ತಡಕೊಳ್ಳಾಕ ಆಗಲಿಲ್ಲ. ಕಮಿಟಿ ಕೂಡಿಸಿ, ಎದ್ದು ನಿಂತು ಮಾತಾಡಾಕ ಹತ್ತಿದ್ರು. ಅಂಥಾ ಭಾಷಣ ನಾ ಮತ್ತ ಕೇಳಿಲ್ಲ. ನೀರಿಗೆ ಜಾತಿ ಐತೇನ್ರಿ ಅಂದ್ರು, ನೀರಡಿಕಿಗೆ ಜಾತಿ ಐತೇನ್ರಿ ಅಂದ್ರು, ನಾಚಿಕಿ ಆಗಬೇಕು ನಮಗ ಅಂದ್ರು. ನನ್ನ ಕಣ್ಣಾಗ ನೀರು ಬಂತು. ವಕೀಲರು ಸೈತ ತಲಿ ತಗ್ಗಿಸಿದ್ರು. ಹಂಗ ಮಾತಾಡಿ ಮಾತಾಡಿ ಮಾಸ್ತರ ಗಂಟಲಾ ಒಣಗಿ ಕೆಮ್ಮು ಬಂತು. ನೀರು ಕೊಡ್ರೆಪಾ ಅಂತ ಕೈ ಚಾಚಿದ್ರು.

ನೀರಿನ ಹರವಿ ಇದ್ದದ್ದು ಬಾಗಲದ ಹತ್ತಿರ. ದೊಡ್ಡವ್ವ ಎದ್ದು, ತಂಬಗಿ ತುಂಬಿ, ಎರಡೂ ಕೈಲೆ ಹಿಡದು ಮಾಸ್ತರ ಮುಂದ ನಿಂತ್ಲು. ಮಾಸ್ತರು ತಂಬಗಿ ನೋಡಿದ್ರು. ಅಕಿನ್ನ ನೋಡಿದ್ರು. ಚಾಚಿದ ಕೈ ನಿಧಾನಕ ಹಿಂದಕ್ಕ ತಗೊಂಡು, “ಇರಲಿ ಬಿಡವಾ, ನೀರಡಿಕಿ ಹೋತು” ಅಂದ್ರು. ಆಮ್ಯಾಲ ಮತ್ತ ಅರ್ಧಾ ತಾಸು ಒಣಾ ಗಂಟಲಾಲೆ ಅಸ್ಪೃಶ್ಯತಾ ನಿವಾರಣದ ಮ್ಯಾಲ ಮಾತಾಡಿದ್ರು. ದೊಡ್ಡವ್ವನ ಕೈಯಾಗಿನ ತಂಬಗಿ ನಾ ಇಸಕೊಂಡು ಕುಡದೆ. ಪಕ್ಷದ ಪರವಾಗಿ ಕುಡಿಯೂದೂ ನನ್ನ ಪಾಲಿಗೆ ಬಂತು.

೫. ದೊಡ್ಡ ಸಾಹೇಬ್ರು

ಕಡೀಕ ಒಂದು ದಾರಿ ಕಂಡಿತು. ಬೆಂಗಳೂರಿಂದ ಪಕ್ಷದ ರಾಜ್ಯಮಟ್ಟದ ದೊಡ್ಡ ಸಾಹೇಬ್ರು ಪ್ರವಾಸಕ್ಕ ಬರೂದು ಗೊತ್ತಾತು. ಅವರು ದೊಡ್ಡವ್ವನ ಮನ್ಯಾಗ ಉಣ್ಣಾಕ, ಅಕಿ ಹೊಡದ ಪಂಪಿನ ನೀರು ಕುಡಿಯಾಕ ಎರಡಕ್ಕೂ ಹೂಂ ಅಂದ್ರು. ಊರಿನ ಹಿರ್ಯಾರೂ ಮೆತ್ತಗಾದ್ರು. ಅವರಿಗೆ ದೊಡ್ಡ ಸಾಹೇಬ್ರ ಕಡಿಂದ ಡಾಂಬರು ರಸ್ತಾ ಬೇಕಾಗಿತ್ತು. ಕುಡೀಲಿ ಬಿಡ್ರಿ, ರಸ್ತಾ ಆದ್ರ ಸಾಕು ಅಂತ ಹಾರಾ, ಬಾಜಾ ತರಿಸಿ ಪಂಪಿನ ಹತ್ತಿರ ಪೆಂಡಾಲು ಹಾಕಿಸಿದ್ರು.

ಅವತ್ತು ಮುಂಜಾನೆ ಬೈಲಹೊಂಗಲದ ಪ್ರವಾಸಿ ಮಂದಿರದಾಗ ದೊಡ್ಡ ಸಾಹೇಬ್ರು ಚಾ ಕುಡದು ಸಜ್ಜಾದ್ರು. ಕಾರ್ಯಕ್ರಮದ ಪಟ್ಟಿಯೊಳಗ ಊಟಾ ಮೊದಲು, ಪಂಪು ಆಮ್ಯಾಲ ಅಂತ ವಕೀಲರು ಬರದಿದ್ರು. ಮಾಸ್ತರು ಅದನ್ನ ನೋಡಿ, ಇಲ್ಲೂ ಹೊಟ್ಟಿನ ಮೊದಲೇನು, ಮೊದಲ ಪಂಪು ಆಗಬೇಕು ಅಂದ್ರು. ವಕೀಲರು ಹಸದವರ ಮುಂದ ಪಂಪು ಹೊಡದ್ರ ಏನ ಬಂತು ಅಂದ್ರು. ಬ್ಯಾನರಿನ ದಿನಾನ ಮತ್ತ ಬಂತು. ಕೇಳಿ ಕೇಳಿ ದೊಡ್ಡ ಸಾಹೇಬ್ರು, “ಎರಡೂ ಒಟ್ಟಿಗೇ ಮಾಡಕ್ಕಾಗಲ್ವೇನ್ರೀ?” ಅಂದ್ರು. ಇಬ್ಬರೂ ಜಗಳ ಬಿಟ್ಟು ಅವರ ಕಡೆ ತಿರುಗಿ, ಒಂದ ದನಿಲೆ, ಇದು ತತ್ವದ ಪ್ರಶ್ನೆ ಸರ್ ಅಂದ್ರು. ದೊಡ್ಡ ಸಾಹೇಬ್ರು ಗಡಿಯಾರ ನೋಡಿದ್ರು. ಧಾರವಾಡದಾಗ ರೈಲಿತ್ತು. ನೀವು ತತ್ವ ಇತ್ಯರ್ಥ ಮಾಡ್ಕೊಂಡು ಕಾಗದ ಬರೀರಿ ಅಂತ ಕಾರು ಹತ್ತಿ ಹೋಗಿಬಿಟ್ರು. ಇವರಿಬ್ಬರೂ ಸಮಾಧಾನ ಮಾಡಾಕ ಜೀಪ ತಗೊಂಡು ಬೆನ್ನ ಹತ್ತಿದ್ರು. ಹಳ್ಳಿಗೆ ಸುದ್ದಿ ಮುಟ್ಟಸಾಕ ನನ್ನ ಬಸ್ಸಿಗೆ ಹತ್ತಿಸಿದ್ರು.

ನಾ ಹೋಗೂದ್ರಾಗ ಕೇರಿ ಸಜ್ಜಾಗಿ ನಿಂತಿತ್ತು. ಅಂಗಳಕ್ಕ ಸಾರಿಸಿ ರಂಗೋಲಿ ಹಾಕಿದ್ರು. ಹೋಳಿಗಿ, ಕಡಬು, ಬಾಳಕದ ಮೆಣಸಿನಕಾಯಿ, ಏನ ಇಲ್ಲ ಏನ ಐತಿ. ಹೆಣ್ಣಮಕ್ಕಳೆಲ್ಲಾ ತಮ್ಮ ಚಲೋ ಸೀರಿ ಉಟ್ಟು, ತಿಕ್ಕಿದ ಕೊಡಾ ಬಗಲಾಗ ಇಟಗೊಂಡು ಸಾಲಾಗಿ ನಿಂತಿದ್ರು. ನಾ ತಡವರಿಸಿಕೊಂತ ಹೇಳಿದೆ. ದೊಡ್ಡವ್ವ ಪೂರ್ತಿ ಕೇಳಿದ್ಲು.

“ಯಾವುದು ಮೊದಲಂತ ಜಗಳಾಡಿ ಹ್ವಾದ್ರು?”

“ಹೂಂನವ್ವಾ.”

ಒಳಗ ಹೋಗಿ ಒಂದ ತಾಟು ಹಾಕಿದ್ಲು. ಆಮ್ಯಾಲ, ಬಾ ತಮ್ಮಾ, ನೀ ಅಂತೂ ಉಣ್ಣು, ನಿನಗ ರೂಢಿ ಐತಿ ಅಂದ್ಲು. ನಾ ಉಂಡೆ. ಅವತ್ತೊಂದ ದಿವಸ ನನ್ನ ಪಾಲಿಂದಷ್ಟ ಉಂಡೆ. ಕೈ ತೊಳಕೊಂಡು ಹೊರಗ ಬರೂದ್ರಾಗ ಅಕಿ ಕೊಡಾ ಬಗಲಿಗೆ ಹಾಕಿ ಹೊಂಟಿದ್ಲು, ಹಿಂದ ಇಡೀ ಕೇರಿ. ಕಡೀಕ ನಾನು.

ಪೆಂಡಾಲಿನವರಿಗೆ ಸುದ್ದಿ ಗೊತ್ತಿರಲಿಲ್ಲ. ಕೇರಿ ಹೊಂಟಿದ್ದು ಕಂಡ ಕೂಡ್ಲೆ ದೊಡ್ಡ ಸಾಹೇಬ್ರು ಬಂದ್ರಂತ ಬಾಜಾದವರು ಬಾಜಾ ಸುರು ಮಾಡಿದ್ರು. ಊರ ಹಿರ್ಯಾರೊಳಗ ದೊಡ್ಡವರಾದ ಗೌಡರು ಹಾರಾ ಹಿಡಕೊಂಡು ಎದ್ದು ನಿಂತು, ಹಾದಿ ಬಿಡ್ರಿ ಹಾದಿ ಬಿಡ್ರಿ ಅಂತ ತಾವ ಮಂದಿ ಸರಿಸಿದ್ರು. ದೊಡ್ಡವ್ವ ಸೀದಾ ಹೋಗಿ ಹಿಡಿಕಿ ಹಿಡದ್ಲು. ಹೊಡದ್ಲು. ಬೊಗಸಿ ಒಡ್ಡಿ ಕುಡದ್ಲು, ಮೊಮ್ಮಗಳಿಗೆ ಕುಡಿಸಿದ್ಲು, ಕೊಡಾ ತುಂಬಿಕೊಂಡ್ಲು. ಆಮ್ಯಾಲ ಎರಡನೇದಾಕಿ, ಮೂರನೇದಾಕಿ. ಬಾಜಾ ನಡದಿತ್ತು. ಇಡೀ ಕೇರಿ ಕೊಡಾ ತುಂಬುತನಕ ಗೌಡರು ಹಾರಾ ಹಿಡಕೊಂಡ ನಿಂತಿದ್ರು. ಕಡೀಕ ತಡೀಲಾರದ, ಸಾಹೇಬ್ರು ಎಲ್ಲೆದಾರಬೇ ಅಂತ ಕೇಳಿದ್ರು.

ದೊಡ್ಡವ್ವ ತುಂಬಿದ ಕೊಡಾ ತಲಿ ಮ್ಯಾಲ ಇಟಗೊಂಡು, ಹಿಂದ ತಿರುಗಿ ನೋಡದನ ಹೇಳಿದ್ಲು:

“ಹಿಂದ ಬರಾಕ ಹತ್ಯಾರ್ರಿ ಯಪ್ಪಾ.”

ಗೌಡರು ಹೊತ್ತು ಮುಳುಗೂ ತನಕ ಕಾಯ್ದ್ರು. ಮರುದಿವಸ ಅಕಿ ಮತ್ತ ಪಂಪಿಗೆ ಬಂದಾಗ ಯಾರೋ ಅಡ್ಡ ಬಂದ್ರಂತ. ನಿನ್ನೆ ಬಾಜಾ ಬಾರಿಸಿ ಹಾದಿ ಬಿಟ್ಟವರು ನೀವ ಅಲ್ಲೇನ್ರಿ ಅಂದ್ಲಂತ. ಅವರು ಮತ್ತ ಹಾದಿ ಬಿಟ್ರಂತ.

ಆ ಪಂಪು ತಾವ ಬಿಡಿಸಿದ್ದು ಅಂತ ವಕೀಲರೂ ಭಾಷಣಾ ಮಾಡಿದ್ರು, ಮಾಸ್ತರೂ ಮಾಡಿದ್ರು. ಯಾರು ಬಿಡಿಸಿದ್ದು ಅನ್ನೂ ಜಗಳದಾಗ ಪಕ್ಷ ಎರಡು ತುಂಡಾತು, ಎರಡೂ ಉಳೀಲಿಲ್ಲ. ಇಬ್ಬರೂ ಕೆಟ್ಟವರಲ್ಲ. ಒಬ್ಬರು ಒಂದು ತುತ್ತು ಉಂಡಿದ್ರ, ಇನ್ನೊಬ್ಬರು ಒಂದು ಗುಟುಕು ಕುಡದಿದ್ರ ಅಷ್ಟ ಆಗತಿತ್ತಲ್ಲ ಅಂತ ನನಗ ಇವತ್ತಿಗೂ ಕೆಟ್ಟ ಅನಸತೈತಿ.

ದೊಡ್ಡವ್ವ ಮತ್ತ ಆಫೀಸಿನ ಕಡೆ ಬರಲಿಲ್ಲ. ಎಷ್ಟೋ ದಿನದ ಮ್ಯಾಲ ಬೈಲಹೊಂಗಲ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಳು. ಗುರುತು ಹಿಡದು, ಉಂಡೀಯೇನೋ ತಮ್ಮಾ ಅಂದ್ಲು. ಆಮ್ಯಾಲ, ನಿಮ್ಮ ಸಾಹೇಬ್ರು ಎಲ್ಲೆದಾರ ಈಗ ಅಂತ ಕೇಳಿದ್ಲು.

“ಹಿಂದ ಬರಾಕ ಹತ್ಯಾರವ್ವಾ” ಅಂದೆ.

ಅಕಿ ನಕ್ಕಳು. ನಕ್ಕು ನಕ್ಕು ಸೆರಗಿಲೆ ಕಣ್ಣು ಒರಸಿಕೊಂಡು, ಬಸ್ಸು ಹತ್ತಿ, ಕಿಟಕ್ಯಾಗಿಂದ ಹೇಳಿದ್ಲು:

“ಬರ್ಲಿ ಬಿಡು ತಮ್ಮಾ, ಪಂಪಿನ್ಯಾಗ ಇನ್ನೂ ನೀರೈತಿ.”